ದನಿ ಇಳಿದರೆ ಉಪ್ಪಿನಕಾಯಿ

ಪಕ್ಕದ ಮನೆಯಾಕೆ ತೀರಿಕೊಂಡ ದಿನ ನನ್ನ ಮಗಳು ಭದ್ರಾವತಿಯಿಂದ ಬಂದು ಅವರ ಕಾಲ ಬಳಿ ಕೂತು ಅತ್ತಳು. ಮೂಗು ಒರೆಸಿಕೊಳ್ಳುವುದನ್ನೂ ಮರೆತು ಅತ್ತಳು. ಅವಳ ಸ್ವಂತ ಅಜ್ಜಿ, ಅಂದರೆ ನನ್ನ ಅವ್ವ, ಹೋದಾಗ ಇದರ ಅರ್ಧವೂ ಅತ್ತಿರಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತು, ನಾಳೆ ನಾನು ಸತ್ತರೆ ಇವಳು ಇಷ್ಟು ಅಳುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಇಲ್ಲ ಅನ್ನಿಸಿತು. ಹೆಣದ ಮುಂದೆ ನಿಂತು ಯೋಚಿಸುವ ಮಾತೇ ಅದು ಎಂದು ಯಾರಾದರೂ ಕೇಳಿದರೆ, ಹೆಣದ ಮುಂದೆ ನಿಂತಾಗಲೇ ಅಂಥ ಮಾತು ಬರುವುದು ಎಂದು ನಾನು ಹೇಳುತ್ತೇನೆ.

ಆಕೆಯ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ನಾನು ಹೆಸರು ಹಿಡಿದು ಕರೆದವಳಲ್ಲ. ಬೀದಿಯವರು ಫೋನಮ್ಮ ಅನ್ನುತ್ತಿದ್ದರು. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನನಗೆ ಸೀನು. ಹಾಕುತ್ತಿದ್ದದ್ದು ಆಕೆಯಲ್ಲ, ಆಕೆಯ ಗಂಡ. ಆ ಮನುಷ್ಯ ಹೆಂಡತಿ ಕೆಲಸದಿಂದ ಬರುವ ಹೊತ್ತಿಗೆ ಕಾಫಿ ಬೆರೆಸಿ, ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ನಮ್ಮ ಯಜಮಾನರು ಅಡಿಕೆ ಮಂಡಿಯಲ್ಲಿ ಮೂಟೆ ತೂಗುತ್ತಿದ್ದರು; ಮನೆಯಲ್ಲಿ ಮಾತ್ರ ಕುಡಿದ ಲೋಟವನ್ನು ಕೂತಲ್ಲಿಂದ ಎತ್ತಿ ಆಚೆ ಇಟ್ಟವರಲ್ಲ. ಗೋಡೆ ಒಂದೇ ಆದರೆ ಏನು ಬಂತು, ಆಚೆ ಈಚೆ ಹಣೆಬರಹ ಬೇರೆ.

ಆಕೆ ಮೊದಲು ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಪಟ್ಟಿ ಕಟ್ಟಿಕೊಂಡು, ‘ನಂಬರ್ ಪ್ಲೀಸ್’ ಎಂದು ಕೇಳಿ, ಒಬ್ಬರ ತಂತಿಯನ್ನು ಇನ್ನೊಬ್ಬರ ತೂತಿಗೆ ಚುಚ್ಚುವ ಕೆಲಸ. ಆಮೇಲೆ ಎಲ್ಲ ಯಂತ್ರವೇ ಮಾಡುವಂತಾಗಿ ಆಕೆಯನ್ನು ಶಿವಮೊಗ್ಗದ ಆಫೀಸಿಗೆ ಹಾಕಿದರು. ಬೆಳಗಿನ ಪಾಳಿಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆ. ಹೋಗುವಾಗ ಸೀರೆಯ ನೆರಿಗೆ ಹೇಗಿರುತ್ತಿತ್ತೋ ಬರುವಾಗಲೂ ಹಾಗೇ. ನನ್ನ ಸೀರೆ ಉಟ್ಟ ಗಳಿಗೆಯಿಂದಲೇ ಹಿಂಡಿ ಹಾಕಿದ ಹಾಗೆ ಇರುತ್ತಿತ್ತು.

ಸೀರೆಯಾದರೂ ಹೋಗಲಿ, ಆ ದನಿ. ಆಕೆ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಸೊಪ್ಪಿನವನ ಜೊತೆ ನಾನು ಗಂಟಲು ಹರಿಯುವಷ್ಟು ಚೌಕಾಸಿ ಮಾಡಿ ತಂದ ಕಟ್ಟಿಗಿಂತ, ಆಕೆ ‘ನೋಡಿ ಕೊಡಪ್ಪ’ ಎಂದು ತಂದ ಕಟ್ಟು ದಪ್ಪ ಇರುತ್ತಿತ್ತು. ನನ್ನ ಮಗಳು ಲಂಗ ಹಾಕುವ ವಯಸ್ಸಿನಿಂದಲೂ ಆ ದನಿಯ ಹಿಂದೆ. ಶಾಲೆಯಿಂದ ಬಂದವಳು ಚೀಲವನ್ನು ನಮ್ಮ ಮನೆಗೆ ಎಸೆದು ಅಲ್ಲಿಗೆ ಓಡುವಳು. ಕಿವಿಗೆ ಲೋಟ ಹಿಡಿದುಕೊಂಡು ‘ನಂಬರ್ ಪ್ಲೀಸ್’ ಆಟ. ನನ್ನ ಹಾಗೆ ಒರಳು ರುಬ್ಬುವ ಆಟವನ್ನು ಅವಳು ಒಂದು ದಿನವೂ ಆಡಲಿಲ್ಲ.

ಆಕೆಯ ಮನೆಯಲ್ಲಿ ಇದ್ದದ್ದು ಒಂದು ಫೋನಲ್ಲ. ಲೈನು ಒಂದೇ, ನಂಬರೂ ಒಂದೇ. ಅದಕ್ಕೆ ಜೋಡಿಸಿದ ಫೋನು ನಾಲ್ಕು. ಹಾಲಿನಲ್ಲಿ ಕಪ್ಪುದು, ಅಡುಗೆಮನೆಯ ಕಿಟಕಿಯಲ್ಲಿ ಹಸಿರುದು, ಮಂಚದ ಪಕ್ಕ ಕೆಂಪುದು, ತಾರಸಿಗೆ ಹತ್ತುವ ಮೆಟ್ಟಿಲ ಮೇಲೆ ಮೂಲೆ ಒಡೆದದ್ದೊಂದು. ಫೋನು ಬಂದರೆ ನಾಲ್ಕೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು, ದೇವಸ್ಥಾನದ ಮಂಗಳಾರತಿಯ ಹಾಗೆ. ಗಂಡ ಗೋಡೆಯುದ್ದಕ್ಕೂ ಮೊಳೆ ಹೊಡೆದು ವೈರ್ ಎಳೆದಿದ್ದರು, ಆದರೆ ತುದಿ ಜೋಡಿಸುವುದು ಆಕೆಯೇ. ಹಲ್ಲಿನಲ್ಲಿ ಕಚ್ಚಿ ವೈರಿನ ಸಿಪ್ಪೆ ಎಳೆದು, ಒಳಗಿನ ಎರಡು ತಂತಿಯನ್ನು ಎರಡು ತಿರುಪಿಗೆ ಸುತ್ತಿ, ಸಿಪ್ಪೆಯನ್ನು ಉಗುಳುತ್ತಿದ್ದರು. ಆ ಇಸ್ತ್ರಿ ಸೀರೆಯಲ್ಲಿ ಹಾಗೆ ಉಗುಳುವುದನ್ನು ನೋಡಿದಾಗ ಮಾತ್ರ ನನಗೆ ಆಕೆ ಸ್ವಲ್ಪ ಹಿಡಿಸುತ್ತಿದ್ದರು.

“ಒಬ್ಬರಿಗೆ ನಾಲ್ಕು ಫೋನ್ ಯಾಕ್ರೀ?” ಎಂದು ಒಮ್ಮೆ ಚುಚ್ಚಿದೆ.

“ಕಾಲು ಎರಡೇ ಇರೋದು ಮಾರಾಯ್ತಿ. ಓಡಾಡೋಕೆ ಆಗಲ್ಲ” ಅಂದರು.

ಮಗಳನ್ನು ಭದ್ರಾವತಿಗೆ ಕೊಟ್ಟೆವು. ಅಳಿಯನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಳ್ಳೆಯವನೇ, ಆದರೆ ಅಮ್ಮನ ಮುಂದೆ ಬಾಯಿ ಇಲ್ಲ. ಆ ಮನೆಯಲ್ಲೂ ಫೋನಿತ್ತು. ಹಾಲಿನಲ್ಲಿ ಒಂದು, ಅದಕ್ಕೇ ಜೋಡಿಸಿ ನಮ್ಮ ಬೀಗಿತ್ತಿಯ ಮಂಚದ ತಲೆದಿಂಬಿನ ಬಳಿ ಇನ್ನೊಂದು. ನಮಗೆ ಫೋನಿರಲಿಲ್ಲ. ಮಗಳು ಪಕ್ಕದ ಮನೆಗೆ ಮಾಡುತ್ತಿದ್ದಳು. ನಾನು ಕೈ ತೊಳೆದು, ಸೆರಗು ಸರಿಮಾಡಿಕೊಂಡು ಹೋಗುವಷ್ಟರಲ್ಲಿ ಅವರಿಬ್ಬರ ಮಾತು ಮುಗಿದಿರುತ್ತಿತ್ತು. ಮಗಳಿಗೆ ಜ್ವರ ಬಂದದ್ದು, ಬಿಟ್ಟದ್ದು, ಅಳಿಯ ಸೀರೆ ತಂದದ್ದು ಎಲ್ಲ ಆಕೆಗೆ ಮೊದಲು. ನನಗೆ ಬರುತ್ತಿದ್ದದ್ದು ಆರಿದ ಅನ್ನ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಬೇಕು. ಮದುವೆಯಾದ ಹೊಸತರಲ್ಲಿ ಮಗಳು ಒಮ್ಮೆ, “ನಂಗೆ ಇಲ್ಲಿ ಆಗ್ತಿಲ್ಲಮ್ಮ” ಅಂದಿದ್ದಳು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಹೊಂದ್ಕೊಂಡು ಹೋಗು” ಅಂದೆ. ನನಗೆ ನನ್ನವ್ವ ಅದನ್ನೇ ಹೇಳಿದ್ದಳು, ನಾನು ಹೊಂದಿಕೊಂಡು ಹೋಗಿದ್ದೆ. ಅವತ್ತಿನಿಂದ ಮಗಳು ನನ್ನ ಹತ್ತಿರ ಊಟ, ತಿಂಡಿ, ಮಳೆ ಇಷ್ಟೇ ಮಾತಾಡುತ್ತಿದ್ದಳು. ಆಕೆಯ ಹತ್ತಿರ ಮಾತ್ರ ಗಂಟೆಗಟ್ಟಲೆ. ಹೊಟ್ಟೆ ಉರಿಯದೆ ಇನ್ನೇನು ತಂಪಾಗುತ್ತದೆಯೇ?

ಒಂದು ದಿನ ಜಗಲಿಯಲ್ಲೇ ಅಂದುಬಿಟ್ಟೆ. “ಹೆತ್ತೋಳು ನಾನು, ಸುದ್ದಿ ಎಲ್ಲ ನಿಮಗೆ.”

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. “ಅಷ್ಟೇ ತಾನೆ? ನಿಮ್ಮ ಅಡುಗೆಮನೆಗೂ ಒಂದು ಎಳೆದುಬಿಡ್ತೀನಿ. ಅವಳು ಮಾಡಿದ್ರೆ ನೀವೇ ಎತ್ತಿ.”

ಹಾಗೆ ಎಳೆಯುವುದು ನಿಯಮದಲ್ಲಿಲ್ಲವಂತೆ. ಆದರೂ ಗಂಡ ಹಿಂದಿನ ಕಾಂಪೌಂಡಿನ ಮೇಲಿಂದ ವೈರ್ ತಂದರು, ಆಕೆ ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಉಗುಳಿದರು, ತಾರಸಿಯ ಮೂಲೆ ಒಡೆದ ಫೋನು ನಮ್ಮ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಕೂತಿತು. ಅದರ ಬದಲು ತಾರಸಿಗೆ ಎಲ್ಲಿಂದಲೋ ಇನ್ನೊಂದು ತಂದರು. ನಮಗೆ ಕೊಟ್ಟು ತಾವು ಮೂರಕ್ಕೆ ಇಳಿಯುವ ಹೆಂಗಸಲ್ಲ.

ಐದಾದ ಮೇಲೆ ಒಂದು ತೊಂದರೆ ಶುರುವಾಯಿತು. ಗಂಟೆ ಬಾರಿಸುವ ಬದಲು ಐದೂ ಕೆಮ್ಮತೊಡಗಿದವು. ಟ್ರಿಣ್ ಎನ್ನುವುದು ಹೋಗಿ ಕ್ರ್ ಕ್ರ್. ಆಕೆ ಬಂದು ನಮ್ಮ ಗೂಡಿಗೆ ಕಿವಿ ಇಟ್ಟು ನಕ್ಕರು.

“ಗಂಟೆ ಹೊಡೆಯೋಕೆ ಬರೋ ಕರೆಂಟು ಒಂದು ಬೊಗಸೆ ಮಾರಾಯ್ತಿ. ಐದು ಜನ ಹಂಚ್ಕೊಂಡ್ರೆ ಯಾರ ಗಂಟಲೂ ಒದ್ದೆ ಆಗಲ್ಲ.”

“ಹಂಗಾದ್ರೆ ನಂದೇ ಕಿತ್ತು ಹಾಕಿ” ಅಂದೆ, ಕೀಳಲಿ ನೋಡೋಣ ಎಂದು.

ಆಕೆ ಮನೆಗೆ ಹೋಗಿ ತಮ್ಮ ಮಂಚದ ಪಕ್ಕದ್ದನ್ನೂ ತಾರಸಿಯದ್ದನ್ನೂ ಬಿಚ್ಚಿ, ಗಂಟೆಯ ತಂತಿ ತಪ್ಪಿಸಿ ಬಂದರು. “ಆ ಎರಡನ್ನ ಮೂಗ ಮಾಡಿದೀನಿ. ನಿಮ್ದು ಕೂಗಲಿ.” ಅಂದಿನಿಂದ ನಮ್ಮದು ಗಟ್ಟಿಯಾಗಿ ಕೂಗಿತು. ಅದಕ್ಕೂ ನನಗೆ ಉರಿಯಿತು. ನಾನಾಗಿದ್ದರೆ ನನ್ನದನ್ನು ಮೂಗ ಮಾಡಿ ಅವರದನ್ನು ಕೂಗಿಸುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಹೋಗುವಾಗ ಇನ್ನೊಂದು ಮಾತು ಹೇಳಿದ್ದರು. “ಮಾತಿಗೂ ಹಂಗೇನೇ. ಒಬ್ಬರು ಮಾತಾಡ್ತಿರೋವಾಗ ಇನ್ನೊಂದು ಕಡೆ ಎತ್ತಿದ್ರೆ ದನಿ ಇಳಿಯುತ್ತೆ. ಕಿವಿ ಜಾಸ್ತಿ ಆದಷ್ಟೂ ದನಿ ತೆಳ್ಳಗೆ.” ನಾನು ಹೂಂ ಅಂದೆ. ತಲೆಗೆ ಹಾಕಿಕೊಳ್ಳಲಿಲ್ಲ.

ಪದ್ಧತಿ ಹೀಗಿತ್ತು. ಫೋನು ಬಂದರೆ ಮೊದಲು ಎತ್ತುವುದು ಆಕೆ, ಲೈನು ಅವರದಲ್ಲವೇ. ನಮಗಾದರೆ ಲಟ್ಟಣಿಗೆಯಿಂದ ಗೋಡೆಗೆ ಕುಟ್ಟುವುದು, ನಾನು ಎತ್ತುವುದು, ಆಕೆ ಇಡುವುದು. ಮಗಳು ಮಾಡಿದರೆ ನಾನೇ ಎತ್ತಬಹುದು ಎಂದು ಹೇಳಿದ್ದೇನೋ ಸರಿ, ಬಂದದ್ದು ಮಗಳದೋ ಮತ್ತೊಬ್ಬರದೋ ಎಂದು ಗಂಟೆಯಲ್ಲಿ ಗೊತ್ತಾಗುತ್ತದೆಯೇ? ಎತ್ತಿದರೆ ಆಕೆಯ ಆಫೀಸಿನವರು ಇರುತ್ತಿದ್ದರು, ನನ್ನ “ಯಾರು” ಕೇಳಿ ಹೆದರಿ ಇಡುತ್ತಿದ್ದರು. ಅದಕ್ಕೇ ಲಟ್ಟಣಿಗೆ. ಕುಟ್ಟಿದಾಗ ಎದ್ದು ಹೋಗುವುದು ಆಳಿನ ಹಾಗೆ ಅನ್ನಿಸುತ್ತಿತ್ತು, ಆದರೂ ಹೋಗುತ್ತಿದ್ದೆ.

ಆದರೆ ಆ ಫೋನಿನಲ್ಲಿ ಆಕೆ ಹೇಳದೆ ಬಿಟ್ಟದ್ದೊಂದು ಇತ್ತು. ಆಕೆಯ ಹಾಲಿನ ಕಪ್ಪು ಫೋನು ಬೆರಳು ಹಾಕಿ ತಿರುಗಿಸುವಂಥದ್ದು. ಆಕೆ ಅಲ್ಲಿ ನಂಬರು ತಿರುಗಿಸಿದರೆ ನಮ್ಮ ಗೂಡಿನ ಗಂಟೆ ಸಣ್ಣಗೆ ಟಿಣ್ ಟಿಣ್ ಅನ್ನುತ್ತಿತ್ತು. ಸಣ್ಣ ಅಂಕೆಗೆ ಚಿಕ್ಕದು, ದೊಡ್ಡ ಅಂಕೆಗೆ ಉದ್ದದ್ದು. ನನಗೆ ಮಗಳ ಮನೆಯ ನಂಬರು ಬಾಯಿಗೆ ಬರುತ್ತಿರಲಿಲ್ಲ. ಆದರೆ ಅದರ ರಾಗ ಕಿವಿಗೆ ಬಂದುಬಿಟ್ಟಿತು. ಮೊದಲು ಉದ್ದದ್ದೊಂದು, ಆಮೇಲೆ ಪುಟ್ಟ ಪುಟ್ಟದು ಎರಡು, ಕೊನೆಗೆ ಮುಗಿಯುವುದೇ ಇಲ್ಲವೇನೋ ಅನ್ನುವಂಥದ್ದು. ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದರೂ ಆ ರಾಗ ಕೇಳಿದರೆ ಕೈ ನಿಲ್ಲುತ್ತಿತ್ತು. ಮಗಳು ಮಾಡಿದ್ದಲ್ಲ, ಆಕೆಯೇ ನನ್ನ ಮಗಳಿಗೆ ಮಾಡುತ್ತಿರುವುದು. ಅದೂ ಮಧ್ಯಾಹ್ನ, ನಮ್ಮ ಬೀಗಿತ್ತಿ ಮಲಗುವ ಹೊತ್ತಿಗೆ.

ಕುಟ್ಟುತ್ತಾರೇನೋ ಎಂದು ಕಾದೆ. ಕುಟ್ಟಲಿಲ್ಲ. ಮರುದಿನವೂ ರಾಗ ಬಂತು, ಲಟ್ಟಣಿಗೆ ಬರಲಿಲ್ಲ. ನಾನು ಎತ್ತಿ ಕಿವಿಗೆ ಇಟ್ಟುಕೊಂಡೆ. ನನ್ನ ಅಡುಗೆಮನೆ, ನನ್ನ ಮಗಳು. ಯಾರಪ್ಪಣೆ ಬೇಕು?

ನನ್ನ ಮಗಳ ದನಿ, ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗೆ: “ಮತ್ತೆ ಮಿಡಿಗೆ ಉಪ್ಪು ಎಷ್ಟು ಹಾಕ್ಬೇಕು ಆಂಟಿ?”

“ಕಾಯಿ ಅಳೆದ ಪಾವಲ್ಲೇ ಅಳಿ ಪುಟ್ಟಿ. ನಾಲ್ಕಕ್ಕೆ ಒಂದು” ಎಂದು ಆಕೆ.

ನನಗೆ ನಂಬಲಾಗಲಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿ ಅಂದರೆ ಬೀದಿಯವರು ಬಟ್ಟಲು ಹಿಡಿದು ಬರುತ್ತಿದ್ದದ್ದು ನನ್ನ ಮನೆಗೆ. ಆಕೆ ಜೀವಮಾನದಲ್ಲಿ ಒಂದು ಭರಣಿ ಉಪ್ಪಿನಕಾಯಿ ಹಾಕಿದವರಲ್ಲ. ಗಂಡನಿಗೇ ಸರಿಯಾಗಿ ಬರುತ್ತಿರಲಿಲ್ಲ, ಹೋದ ವರ್ಷ ಹಾಕಿದ್ದು ಬೂಸಲು ಬಂದು ಚರಂಡಿಗೆ ಹೋಗಿತ್ತು. ನನ್ನ ಮಗಳು ಆಕೆಯನ್ನು ಕೇಳುತ್ತಾಳೆ.

ಆಮೇಲೆ ರಾಗ ಬಂದಾಗಲೆಲ್ಲ ಎತ್ತಿದೆ. ಎತ್ತಿದಾಗಲೆಲ್ಲ ಉಪ್ಪಿನಕಾಯಿ. ಒಮ್ಮೆ ಸಾಸಿವೆ, ಒಮ್ಮೆ ಮೆಣಸಿನಕಾಯಿ ಬ್ಯಾಡಗಿಯೋ ಗುಂಟೂರೋ ಎಂದು. ಇನ್ನೊಮ್ಮೆ ಆಕೆ, “ಒಂದು ಹಿಡಿ ಓಮ ಹುರಿದು ಪುಡಿ ಮಾಡಿ ಹಾಕು” ಅಂದರು. ಮಿಡಿಗೆ ಓಮ. ಇಂಥ ಅನಾಚಾರ ನಾನು ಕೇಳಿರಲಿಲ್ಲ. ಅದಕ್ಕೆ ನನ್ನ ಮಗಳು, “ಆಯ್ತು ಆಂಟಿ, ಓಮ” ಅಂದಳು, ದೇವರ ಪ್ರಸಾದ ತೆಗೆದುಕೊಳ್ಳುವವಳ ಹಾಗೆ.

ಅಷ್ಟು ಹೊತ್ತು ತಡೆದಿದ್ದೇ ಹೆಚ್ಚು. ಫೋನಿನೊಳಗೇ ಕೂಗಿದೆ.

“ನನ್ನ ಉಪ್ಪಿನಕಾಯಿಗೆ ಏನು ರೋಗ ಬಂದಿತ್ತೇ? ನನ್ನ ಕೈಲಿ ತಿಂದು ಬೆಳೆದೋಳು ಅವಳನ್ನ ಕೇಳ್ತೀಯಲ್ಲ, ನೀರಿಗೆ ಒಗ್ಗರಣೆ ಹಾಕೋಕೆ ಬರಲ್ಲ ಅವಳಿಗೆ.”

ಮಗಳ ಕಡೆ ಕಟ್ ಆಯಿತು. ಒಂದು ಗಳಿಗೆ ಬಿಟ್ಟು ಗೋಡೆಗೆ ಲಟ್ಟಣಿಗೆ ಬಿತ್ತು.

ಜಗಳಕ್ಕೇ ಕರೆದಿದ್ದಾರೆ ಎಂದು ಸೆರಗು ಸಿಕ್ಕಿಸಿಕೊಂಡು ಹೋದೆ. ಆಕೆ ಹಾಲಿನ ಬೆಂಚಿನ ಮೇಲೆ ಕೂತಿದ್ದರು. ಗಂಡ ಕಾಫಿ ತಂದು ಇಟ್ಟು, ನನ್ನ ಮುಖ ನೋಡಿ ಹಿತ್ತಲಿಗೆ ಹೋದರು.

“ನೀರಿಗೆ ಒಗ್ಗರಣೆ ಹಾಕೋಕೆ ನನಗೆ ಬರಲ್ಲ, ನಿಜ” ಅಂದರು. “ಪುಟ್ಟಿಗೂ ಅದು ಗೊತ್ತು. ಅವಳಿಗೆ ಉಪ್ಪಿನಕಾಯಿ ಬೇಕಾಗಿಲ್ಲ ಮಾರಾಯ್ತಿ.”

“ಮತ್ತೆ?”

“ಅವಳ ಅತ್ತೆ ಒಳಗಿನ ಫೋನ್ ಎತ್ತಿ ಕೇಳ್ತಾರೆ. ಅದಕ್ಕೆ ನಾನೇ ಹೇಳಿಕೊಟ್ಟಿದ್ದು. ದನಿ ಇಳೀತು ಅಂದ್ರೆ ಯಾರೋ ಎತ್ತಿದ್ರು ಅಂತ. ಆಡ್ತಿರೋ ಮಾತು ಬಿಟ್ಟು ಉಪ್ಪಿನಕಾಯಿಗೆ ಬಾ ಅಂತ.” ಕಾಫಿ ಲೋಟವನ್ನು ನನ್ನ ಕಡೆ ಸರಿಸಿದರು. “ಈಗ ನೀವು ಎತ್ತಿದಾಗಲೂ ದನಿ ಇಳಿಯುತ್ತೆ. ಎತ್ತಿದ್ದು ಅತ್ತೆಯೋ ಅಮ್ಮನೋ ಅವಳಿಗೆ ಹೆಂಗೆ ಗೊತ್ತಾಗ್ಬೇಕು? ಇಷ್ಟು ದಿನದಿಂದ ಹುಡುಗಿ ಒಂದು ಮಾತು ಪೂರ್ತಿ ಆಡಿಲ್ಲ.”

ಕಾಫಿ ಮುಟ್ಟಲಿಲ್ಲ ನಾನು. “ಏನದು ಮಾತು?”

“ಅದು ನಾನು ಹೇಳೋ ಹಂಗಿಲ್ಲ.”

“ಹೆತ್ತೋಳು ಕೇಳ್ತಿದೀನಿ.”

“ಯಾರು ಕೇಳಿದ್ರೂ ಅಷ್ಟೇ. ಎಕ್ಸ್‌ಚೇಂಜಲ್ಲಿ ಇದ್ದಷ್ಟು ದಿನ ಯಾರ್ಯಾರ ಎಷ್ಟು ಮಾತು ಈ ಕಿವಿಗೆ ಬಿದ್ದಿದೆ. ಒಂದಾದ್ರೂ ಈ ಬೀದಿಲಿ ನನ್ನ ಬಾಯಿಂದ ಬಂದಿದ್ಯಾ? ಲೈನಲ್ಲಿ ಕೇಳಿದ್ದು ಬಾಯಿಗೆ ಬರಬಾರದು.”

ಬಂದಿರಲಿಲ್ಲ, ಅದು ನಿಜ. ಅಷ್ಟು ವರ್ಷದಲ್ಲಿ ಆಕೆಯಿಂದ ಒಬ್ಬರ ಮನೆಯ ಸುದ್ದಿಯೂ ನನಗೆ ಸಿಕ್ಕಿರಲಿಲ್ಲ. ಅದೂ ಒಂದು ಕೋಪವೇ ನನಗೆ.

ಎದ್ದು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಅಂದರು: “ಹೇಳೋಕೆ ಆಗಲ್ಲ. ಕೇಳೋದಾದ್ರೆ ನಾಳೆ ಮಧ್ಯಾಹ್ನ ಇಲ್ಲಿಗೇ ಬನ್ನಿ.”

ಮರುದಿನ ಹೋದೆ. ಆಕೆ ನಂಬರು ತಿರುಗಿಸಿ, ಬೆಂಚಿನ ಮೇಲೆ ಸ್ವಲ್ಪ ಸರಿದು, ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. ರಿಸೀವರನ್ನು ನಮ್ಮಿಬ್ಬರ ಕಿವಿಯ ನಡುವೆ ಹಿಡಿದರು. ಒಂದೇ ಫೋನಾದರೆ ಕೇಳುವವರು ಎಷ್ಟು ಜನ ಇದ್ದರೂ ದನಿ ಇಳಿಯುವುದಿಲ್ಲ. ಆಕೆಯ ಕೆನ್ನೆಗೆ ನನ್ನ ಕೆನ್ನೆ ತಾಗಿತ್ತು. ತಲೆಗೆ ಹಾಕಿದ ಎಣ್ಣೆಯ ವಾಸನೆ, ಕುಡಿದ ಕಾಫಿಯ ವಾಸನೆ. ನನ್ನ ಬಾಯಿಯನ್ನು ಇನ್ನೊಂದು ಕೈಯಿಂದ ಮುಚ್ಚಿದರು. ನನ್ನನ್ನು ಬಲ್ಲವರು.

ಮಗಳು ಮೊದಲು ಕೇಳಿದ್ದೇ, “ಅಮ್ಮ ಎತ್ತಿಲ್ಲ ತಾನೆ ಆಂಟಿ?”

“ಆ ಮನೆ ಫೋನ್ ಯಾರೂ ಎತ್ತಿಲ್ಲ ಪುಟ್ಟಿ.” ಸುಳ್ಳಲ್ಲ. ಆಕೆ ಸುಳ್ಳು ಹೇಳುವವರಲ್ಲ, ಅಳೆದು ಹೇಳುವವರು.

ದನಿ ಇಳಿದಿರಲಿಲ್ಲ. ಎಷ್ಟೋ ತಿಂಗಳ ನಂತರ ಮಗಳ ದನಿ ನನಗೆ ಪೂರ್ತಿ ಕೇಳಿತು. ಅವಳು ಮತ್ತೆ ಬಸುರಿ. ಮತ್ತೆ ಅಂದರೆ, ಹಿಂದೆ ಒಂದು ಹೋಗಿತ್ತು. ನನಗೆ ಗೊತ್ತೇ ಇರಲಿಲ್ಲ. ಈಗಲೂ ಆಗಾಗ ಕೆಂಪು ಕಾಣುತ್ತಿದೆ. ಬೀದಿ ನಲ್ಲಿಯಿಂದ ಕೊಡ ಹೊರುವುದು ಮಾತ್ರ ನಿಂತಿಲ್ಲ. ಬಸುರಿ ಅಂತ ಮಲಗಿದರೆ ಮಗು ಸೋಮಾರಿ ಆಗುತ್ತದೆ ಎನ್ನುತ್ತಾರಂತೆ ನಮ್ಮ ಬೀಗಿತ್ತಿ. ಡಾಕ್ಟರ ಬಳಿ ಹೋಗೋಣ ಎಂದು ಗಂಡ ಅಂದರೆ, ನಮ್ಮ ಕಾಲದಲ್ಲಿ ಯಾವ ಡಾಕ್ಟರಿದ್ದ ಎಂದು ಬಾಯಿ ಮುಚ್ಚಿಸಿದ್ದಾರೆ.

ಆಕೆ ಆ ಇಸ್ತ್ರಿ ದನಿಯಲ್ಲಿ ಒಂದೊಂದೇ ಕೇಳುತ್ತಿದ್ದರು. ಹೊಟ್ಟೆ ಹಿಡಿಯುತ್ತಾ, ಇವತ್ತು ಎಷ್ಟು ಕೊಡ ತಂದೆ, ಏನು ತಿಂದೆ. ಕೊನೆಗೆ, “ಅಮ್ಮಂಗೆ ಹೇಳಬಾರದಾ ಪುಟ್ಟಿ?” ಅಂದರು. ಅದನ್ನು ನನಗೆ ಕೇಳಿಸಲೆಂದೇ ಕೇಳಿದರು.

“ಬೇಡ ಆಂಟಿ. ಹೊಂದ್ಕೊಂಡು ಹೋಗು ಅಂತಾಳೆ. ಇಲ್ಲಾಂದ್ರೆ ಬಂದು ಬೀದಿ ಎಲ್ಲ ಕೇಳೋ ಹಂಗೆ ಜಗಳ ಆಡ್ತಾಳೆ. ಆಡಿ ಅವಳು ಬಸ್ ಹತ್ತಿ ಹೋಗ್ತಾಳೆ. ಇಲ್ಲಿ ಇರೋಳು ನಾನು.”

ನನ್ನ ಬಾಯಿಯ ಮೇಲಿದ್ದ ಕೈ ಇನ್ನೂ ಬಿಗಿಯಾಯಿತು. ಕಚ್ಚಬೇಕು ಅನ್ನಿಸಿತು.

ಫೋನಿಟ್ಟ ಮೇಲೆ ನಾನು ಚಪ್ಪಲಿ ಹುಡುಕತೊಡಗಿದೆ. ಆಕೆ ಅಡ್ಡ ಬಂದರು.

“ಹೋಗಿ. ನಾನು ಬೇಡ ಅನ್ನಲ್ಲ. ಆದ್ರೆ ಕೇಳಿದ್ದನ್ನ ಅಲ್ಲಿ ಆಡಬೇಡಿ. ಆಡಿದ್ರೆ ಅವಳಿಗೆ ಇರೋ ಈ ಒಂದು ಫೋನೂ ಹೋಗುತ್ತೆ.”

“ಮತ್ತೆ ಏನಂತ ಹೋಗ್ಲಿ? ಕುಶಾಲಿಗೆ ಬಂದೆ ಅನ್ಲಾ?”

ಆಕೆ ಯೋಚಿಸಿ, “ಉಪ್ಪಿನಕಾಯಿ ಅನ್ನಿ” ಅಂದರು.

ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದೆ, ಮಧ್ಯೆ ಮಧ್ಯೆ ಆಡಬಾರದ್ದು ಬಂದು ಕೂರುತ್ತಿತ್ತು. ಬೀಗಿತ್ತಿ ಜಗಲಿಯಲ್ಲೇ ಕೂತಿದ್ದರು. ಮಗಳು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಳಗೆ ಹೋಗುತ್ತಿದ್ದವಳು ನನ್ನನ್ನು ನೋಡಿ ಹಾಗೇ ನಿಂತಳು. ಕೆನ್ನೆ ಒಳಕ್ಕೆ ಹೋಗಿತ್ತು.

“ಏನು ಬೀಗ್ರು ಇದ್ದಕ್ಕಿದ್ದಂಗೆ?” ಅಂದರು ಬೀಗಿತ್ತಿ.

“ಮಿಡಿ ತಂದು ಹಾಕ್ಕೊಂಡು ಕೂತಿದೀನಿ. ಸೊಂಟ ಹಿಡ್ಕೊಂಡುಬಿಟ್ಟಿದೆ. ಬಗ್ಗೋಕಾಗಲ್ಲ. ಇವಳನ್ನ ಸ್ವಲ್ಪ ದಿನ ಕಳಿಸಿಕೊಡಿ.”

“ನಾನೂ ಅದೇ ಅಂದ್ಕೊಂಡೆ. ಫೋನ್ ಹಿಡಿದ್ರೆ ಅದೇ ಉಪ್ಪಿನಕಾಯಿ, ಅದೇ ಸಾಸಿವೆ.”

“ಫೋನಲ್ಲಿ ಆಡೋದು ನಿಮಗೆ ಹೆಂಗೆ ಗೊತ್ತಾಯ್ತು?” ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನನ್ನ ಜೀವಮಾನದಲ್ಲಿ ಅಂಥ ಚಿನ್ನದಂಥ ಮಾತು ಮತ್ತೆ ಸಿಕ್ಕಿಲ್ಲ. ಮಗಳ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಇನ್ನೇನು ಸಿಡಿಲು ಬೀಳುತ್ತದೆ ಎಂಬಂತೆ. ನುಂಗಿದೆ. ನುಂಗಿ, ನಕ್ಕೆ ಕೂಡ.

“ನಮಗೂ ಒಂದು ಭರಣಿ ಕಳಿಸಿ ಮತ್ತೆ” ಅಂದರು ಬೀಗಿತ್ತಿ.

“ಎರಡು ಕಳಿಸ್ತೀನಿ” ಅಂದೆ.

ಅವತ್ತು ಸಂಜೆಯೇ ಮಗಳನ್ನು ಶಿವಮೊಗ್ಗದ ಡಾಕ್ಟರಮ್ಮನಿಗೆ ತೋರಿಸಿದೆ. ಮಲಗಿಯೇ ಇರಬೇಕು, ಬಸ್ಸು ಹತ್ತಬಾರದು ಎಂದು ಡಾಕ್ಟರಮ್ಮ ಚೀಟಿ ಬರೆದರು. ಬರೀ ಚೀಟಿ, ಆದರೂ ಬೀಗಿತ್ತಿಯ ಬಾಯಿ ಅದಕ್ಕೆ ಕಟ್ಟಿತು. ಮಗಳು ಹೆರಿಗೆಯವರೆಗೂ ನಮ್ಮ ನಡುಮನೆಯ ಮಂಚದಲ್ಲಿದ್ದಳು. ಅವತ್ತು ಭದ್ರಾವತಿಯಿಂದ ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಸಲ, “ನಿಂಗೆ ಯಾರು ಹೇಳಿದ್ದಮ್ಮ?” ಎಂದು ಕೇಳಿದ್ದಳು. “ಏ, ಉಪ್ಪಿನಕಾಯಿ ಹಾಕ್ಬೇಕಲ್ಲೇ” ಅಂದೆ. ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುವ ಹಾಗಿದ್ದಳು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದಕ್ಕೆ ಅಷ್ಟು ಕಾರಣ ಸಾಕಾಯಿತು.

ಮಲಗಿರುವವಳಿಗೆ ಬೇಜಾರಾಗುತ್ತದೆ ಎಂದು ಪಕ್ಕದ ಮನೆಯಾಕೆ ನಮ್ಮ ಗೂಡಿನ ಫೋನಿಗೆ ಉದ್ದನೆಯ ವೈರ್ ಸೇರಿಸಿ ಮಂಚದ ಪಕ್ಕಕ್ಕೆ ತಂದಿಟ್ಟರು. ಅಳಿಯ ಪಾಳಿ ಮುಗಿಸಿ ಕಾರ್ಖಾನೆಯ ಎದುರಿನ ಬೂತಿನಿಂದ ಮಾಡುತ್ತಿದ್ದ. ಅಲ್ಲಿ ಅವನಿಗೆ ಬಾಯಿ ಇತ್ತು. ಅಷ್ಟೇ ಆಗಿದ್ದರೆ ಸರಿ. ಮಧ್ಯಾಹ್ನ ನಾನು ಗಂಜಿ ಕಾಸುತ್ತಿದ್ದರೆ ನಡುಮನೆಯಿಂದ ನಗು ಕೇಳುತ್ತಿತ್ತು. ಹೋಗಿ ನೋಡಿದರೆ ಇವಳು ಇಲ್ಲಿ ಮಂಚದ ಮೇಲೆ ರಿಸೀವರ್ ಹಿಡಿದು, ಆಕೆ ಗೋಡೆಯಾಚೆ ಬೆಂಚಿನ ಮೇಲೆ ರಿಸೀವರ್ ಹಿಡಿದು ಮಾತು. ಆಫೀಸಿನ ಕಡೆಯಿಂದ ಯಾರದೋ ಫೋನು ಬಂದಿರುತ್ತಿತ್ತು, ಅವರು ಇಟ್ಟ ಮೇಲೂ ಇವರಿಬ್ಬರು ಇಡುತ್ತಿರಲಿಲ್ಲ. ಗಂಜಿ ನನ್ನದು, ಮಂಚ ನನ್ನದು, ಮಗಳು ನನ್ನವಳು, ನಗು ಆಕೆಯದು.

ಮಾತು ಕೊಟ್ಟಾಗಿತ್ತಲ್ಲ, ಉಪ್ಪಿನಕಾಯಿಯನ್ನೂ ಹಾಕಲೇಬೇಕಾಯಿತು. ಮಗಳು ಮಲಗಿದಲ್ಲಿಂದಲೇ ಹಟ ಹಿಡಿದಳು, ಆಂಟಿ ಹೇಳಿದ ಹಾಗೇ ಹಾಕಬೇಕು ಎಂದು. ಆಕೆಗೇ ನಾಚಿಕೆಯಾಯಿತು. “ಅದು ಬಾಯಿಗೆ ಬಂದಿದ್ದು ಹೇಳಿದ್ದು ಪುಟ್ಟಿ, ಓಮ ಯಾಕೆ ಅಂದೆ ಅಂತ ನಂಗೇ ಗೊತ್ತಿಲ್ಲ” ಅಂದರು. ಮಗಳು ಕೇಳಲಿಲ್ಲ. ಬಸುರಿಯ ಬಯಕೆ, ಹಾಕಿದೆ. ಭದ್ರಾವತಿಗೆ ಎರಡು ಭರಣಿ ಹೋಯಿತು. ಬೀಗಿತ್ತಿ ಹೊಟ್ಟೆಗೆ ಒಳ್ಳೆಯದಾಯಿತು ಎಂದು ಇನ್ನೊಂದು ಕೇಳಿ ಕಳಿಸಿದರು.

ಮೊಮ್ಮಗಳು ಹುಟ್ಟಿದಳು. ಮಾತು ಕಲಿತಾಗ ನನ್ನನ್ನು ಅಜ್ಜಿ ಅಂದಳು, ಆಕೆಯನ್ನೂ ಅಜ್ಜಿ ಅಂದಳು. ನಮ್ಮ ಮನೆಗೆ ಬೇರೆ ಲೈನು ಬಂತು, ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಆಕೆ ಗೋಡೆಯ ಮೇಲಿನ ವೈರ್ ಬಿಚ್ಚಲು ಬಿಡಲಿಲ್ಲ. ನಿವೃತ್ತಿಯಾದ ಮೇಲೆ ಗಂಡ ಕಾಫಿ ಮಾಡಿ ಮುಚ್ಚಿಡುವ ಅಗತ್ಯ ಇರಲಿಲ್ಲ, ಆದರೂ ಅವರು ತಟ್ಟೆ ಮುಚ್ಚಿಯೇ ತರುತ್ತಿದ್ದರು. ಕೊನೆಗೆ ಕಿವಿ ಮಂದವಾಯಿತು ಆಕೆಗೆ. ನಾನು ಮಾತಾಡಿದರೆ ಮಾತ್ರ ಕೇಳುತ್ತದೆ ಎಂದು ನಗುತ್ತಿದ್ದರು. ಆ ಒಂದು ವಿಷಯದಲ್ಲಿ ನಾನು ಗೆದ್ದೆ.

“ಆಂಟಿ ಇಲ್ಲದಿದ್ರೆ ನನ್ನ ಮಗಳು ಇರ್ತಿರಲಿಲ್ಲ” ಎಂದು ನನ್ನ ಮಗಳು ಅವತ್ತು ಹೆಣದ ಮುಂದೆ ಎಲ್ಲರಿಗೂ ಹೇಳಿ ಅತ್ತಳು. ಬಸ್ಸು ಹತ್ತಿದವಳು ನಾನು. ಮಾತು ನುಂಗಿದವಳು ನಾನು. ಅದನ್ನು ಅಲ್ಲಿ ಹೇಳಬಹುದಿತ್ತು. ಹೇಳಿದರೆ, ಅವತ್ತು ಆ ರಿಸೀವರಿನ ಇನ್ನೊಂದು ಬದಿಗೆ ನನ್ನ ಕಿವಿ ಇತ್ತು ಎಂದೂ ಹೇಳಬೇಕಾಗುತ್ತಿತ್ತು. ಅಮ್ಮನಿಗೆ ಹೇಳಬೇಡಿ ಅಂದದ್ದನ್ನು ಆಂಟಿ ನಡೆಸಿಕೊಡಲಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಲೈನಲ್ಲಿ ಕೇಳಿದ್ದು ಬಾಯಿಗೆ ಬರಬಾರದು. ಬಾಯಿಗೆ ತರಲಿಲ್ಲ. ಬರೆಯುತ್ತಿದ್ದೇನೆ. ಈಗ ಓದಿದರೆ ಓದಲಿ. ಆಕೆ ಹೋದರು, ನಾನೂ ಎಷ್ಟು ದಿನ ಇರುತ್ತೇನೆ.

ಮಿಡಿಯ ಕಾಲ ಬಂದರೆ ಮಗಳು ಈಗಲೂ ಭದ್ರಾವತಿಯಿಂದ ಭರಣಿ ಕಳಿಸುತ್ತಾಳೆ. ನನ್ನ ಹಾಗೆ ಹಾಕುವುದನ್ನು ಅವಳು ಕಲಿಯಲೇ ಇಲ್ಲ. ನಾಲ್ಕಕ್ಕೆ ಒಂದು ಉಪ್ಪು, ಒಂದು ಹಿಡಿ ಓಮ. ಮುಚ್ಚಳ ತೆಗೆದರೆ ಮನೆಯೆಲ್ಲ ಓಮದ ವಾಸನೆ. ಇದಕ್ಕೆ ಉಪ್ಪಿನಕಾಯಿ ಅನ್ನುತ್ತಾರಾ ಎಂದು ಬೈದು, ಒಂದು ಮಿಡಿ ತಟ್ಟೆಗೆ ಹಾಕಿಕೊಳ್ಳುತ್ತೇನೆ. ಆಮೇಲೆ ಇನ್ನೊಂದು ಹಾಕಿಕೊಳ್ಳುತ್ತೇನೆ.